ಯಾವುದು ಶ್ರೇಷ್ಠ?

ಕಳೆದ ದೀಪಾವಳಿಯ ರಜೆಗೆ ಮುಂಚೆ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂಬತ್ತನೆಯ ಇಯತ್ತೆಯ ಇಬ್ಬರು ಹುಡುಗರ ನಡುವೆ ದೊಡ್ಡ ವಾಗ್ವಾದವೇ ನಡೆಯಿತು. ವಿಂಡೋಸೇ ಶ್ರೇಷ್ಠವೆಂದು ಒಬ್ಬನೂ, ಲಿನಕ್ಸಿಗೆ ಸರಿಸಾಟಿಯಿಲ್ಲವೆಂದು ಇನ್ನೊಬ್ಬನೂ ಪಟ್ಟು ಹಿಡಿದಿದ್ದರು. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು, ತನ್ನ ಸೋದರಮಾವನ ಮನೆಯಲ್ಲಿ ಕಂಡಿದ್ದ ಆಪಲ್ ಯಂತ್ರದ ಮುಂದೆ ಇವೆರಡೂ ಏನೂ ಅಲ್ಲವೆಂದು ತೀರ್ಪಿತ್ತಳು. "ಸರ್, ನೀವೇ ಹೇಳಿ" ಎಂದು ಮೂವರೂ ನನ್ನ ಬಳಿಗೆ ಬಂದಾಗ ಗಂಟೆ ಹೊಡೆದುದರಿಂದ ನಾನು ಪಾರಾದೆ. ನಾನು ಕನ್ನಡದ ಮೇಷ್ಟ್ರು, ಯಂತ್ರಶಾಸ್ತ್ರಜ್ಞನಲ್ಲ. ಆದರೆ ಈ ವರ್ಷ ಆ ಕೋಣೆಯ ಬೀಗದ ಕೈ ನನ್ನ ವಶದಲ್ಲಿದೆ. ಅಲ್ಲಿರುವ ೧೪ ಯಂತ್ರಗಳನ್ನು ಮುಂದೇನು ಮಾಡಬೇಕೆಂಬ ಪ್ರಶ್ನೆ ಆಡಳಿತ ಮಂಡಳಿಯ ಮುಂದಿದೆ. ಆದುದರಿಂದ ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರದೆ, ಕೀಲಿಮಣೆ, ನೆನಪಿನ ಕೋಶ, ಪ್ರಿಂಟರ್ ಇವೆಲ್ಲವನ್ನೂ ಒಂದು ಆಡಳಿತಕ್ಕೆ ಒಳಪಡಿಸಿ, ನಾವು ನಡೆಸುವ ಪ್ರತಿಯೊಂದು ತಂತ್ರಾಂಶಕ್ಕೂ ಅದರ ಪಾಲನ್ನು ಹಂಚಿಕೊಡುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ಇದರ ನಟ್ಟನಡುವಣ ಭಾಗಕ್ಕೆ ಕರ್ನೆಲ್, ಎಂದರೆ ತಿರುಳು, ಎಂದು ಹೆಸರು. ಈ ತಿರುಳನ್ನು ಹೇಗೆ ಕಟ್ಟಬೇಕೆಂಬುದನ್ನು ಕುರಿತು ೧೯೯೨ರ ಜನವರಿಯಲ್ಲಿ ಇಬ್ಬರ ನಡುವೆ ನಡೆದ ವಾದ ನಿಮ್ಮ ವಾದಕ್ಕಿಂತಲೂ ಬಿಸಿಯಾಗಿತ್ತು.

ಒಬ್ಬರು ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್. ವಿದ್ಯಾರ್ಥಿಗಳು ಕಲಿಯಲೆಂದು ೧೯೮೭ರಲ್ಲಿ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ರಚಿಸಿಕೊಟ್ಟವರು. ಇನ್ನೊಬ್ಬ ಹೆಲ್ಸಿಂಕಿಯ ೨೨ ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. ಅದೇ ಮಿನಿಕ್ಸನ್ನು ಬಳಸುತ್ತ, ೧೯೯೧ರಲ್ಲಿ ತನ್ನದೇ ಆದ ತಿರುಳನ್ನು ಬರೆದು ಲೋಕದ ಕೈಗಿತ್ತವನು. ಲಿನಕ್ಸಿನ ರಚನೆ ಕಾಲ ಮೀರಿದ ರಚನೆಯೆಂದು ಪ್ರಾಧ್ಯಾಪಕರು ಬಹಿರಂಗವಾಗಿ ಬರೆದರು. ನೀನು ನನ್ನ ವಿದ್ಯಾರ್ಥಿಯಾಗಿದ್ದರೆ ಇದಕ್ಕೆ ಒಳ್ಳೆಯ ಅಂಕ ದೊರೆಯುತ್ತಿರಲಿಲ್ಲವೆಂದೂ ಸೇರಿಸಿದರು. (ಮೇಷ್ಟ್ರುಗಳ ಅಸ್ತ್ರ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ತೋರುತ್ತದೆ.) ಹುಡುಗ ಸಿಟ್ಟಿನಿಂದ ಉತ್ತರಿಸಿದ, ಆಮೇಲೆ ಮಾತಿನ ಕಟುತ್ವಕ್ಕಾಗಿ ಕ್ಷಮೆಯನ್ನೂ ಕೋರಿದ. ಆದರೆ ರಚನೆಯನ್ನು ಬದಲಿಸಲಿಲ್ಲ.

ವಾದದ ಸಾರವನ್ನು ತಿಳಿಯಬೇಕಾದರೆ ಮಾಟುಂಗದ ಕಡೆಯ ಯಾವುದಾದರೊಂದು ಉಡುಪಿ ಹೋಟೆಲಿನ ಅಡಿಗೆಮನೆಯನ್ನು ನೆನೆಯಿರಿ. ನಿಮ್ಮಲ್ಲಿ ಕೆಲವರ ತಂದೆಯವರು ಅದನ್ನು ನನಗಿಂತ ಚೆನ್ನಾಗಿ ಬಲ್ಲರು. ದೋಸೆಯ ಕಾವಲಿ, ವಡೆಯ ಬಾಣಲೆ, ಸಾಂಬಾರಿನ ಪಾತ್ರೆ, ರುಬ್ಬುವ ಯಂತ್ರ ಎಲ್ಲವೂ ಒಂದೇ ಕೋಣೆಯಲ್ಲಿ. ಪಾತ್ರೆ ಕೈಯಿಂದ ಕೈಗೆ ಸಾಗುತ್ತದೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತೆಂದರೆ ಇಡೀ ಅಡಿಗೆಮನೆಯೇ ನಿಂತಂತೆ. ಲಿನಕ್ಸಿನ ತಿರುಳು ಈ ಬಗೆಯದು. ಟಾನೆನ್‌ಬಾಮರು ಹೇಳಿದ ಕ್ರಮದಲ್ಲಾದರೋ ಪ್ರತಿಯೊಂದು ಒಲೆಗೂ ಬೇರೆ ಬೇರೆ ಕೋಣೆ. ನಡುವಣ ಪುಟ್ಟ ಕೋಣೆಯ ಕಿಂಡಿಯ ಮೂಲಕವೇ ಎಲ್ಲವೂ ಸಾಗಬೇಕು. ಬೆಂಕಿ ಬಿದ್ದರೆ ಒಂದು ಕೋಣೆಗೆ ಮಾತ್ರ ನಷ್ಟ. ಆದರೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಿಂಡಿಯ ಮುಂದೆ ಸಾಲು ಬೆಳೆಯುತ್ತದೆ. ಇಬ್ಬರೂ ಬುದ್ಧಿವಂತರೇ. ಒಬ್ಬರು ಭದ್ರತೆಗಾಗಿ ವೇಗವನ್ನು ತೆರಲು ಸಿದ್ಧರಿದ್ದರು, ಇನ್ನೊಬ್ಬರು ವೇಗಕ್ಕಾಗಿ ಭದ್ರತೆಯ ಒಂದಂಶವನ್ನು ತೆತ್ತರು.

ಗೆದ್ದವರಾರು? ಸಂಖ್ಯೆಯಿಂದ ಅಳೆಯುವುದಾದರೆ ಟೊರ್ವಾಲ್ಡ್ಸರೇ. ಆಂಡ್ರಾಯ್ಡ್ ಫೋನಿನ ಒಳಗಿರುವುದು ಲಿನಕ್ಸಿನ ತಿರುಳು. ಜಗತ್ತಿನ ಅತಿ ವೇಗದ ೫೦೦ ಮಹಾಗಣಕಗಳ ಪಟ್ಟಿಯನ್ನು ೨೦೧೭ರ ನವೆಂಬರಿನಲ್ಲಿ ಪ್ರಕಟಿಸಿದಾಗ ಅಷ್ಟೂ ಲಿನಕ್ಸಿನಿಂದಲೇ ನಡೆಯುತ್ತಿದ್ದವು. ವಿನೋದವೇನೆಂದರೆ, ಇಂಟೆಲ್ ಸಂಸ್ಥೆಯ ಅನೇಕ ಪ್ರೊಸೆಸರುಗಳ ಜೊತೆಗಿರುವ ಒಂದು ಪುಟ್ಟ ನಿಯಂತ್ರಕದೊಳಗೆ, ಯಾರ ಕಣ್ಣಿಗೂ ಬೀಳದಂತೆ, ಮಿನಿಕ್ಸ್ ನಡೆಯುತ್ತಿರುವ ಸಂಗತಿ ಅದೇ ವರ್ಷ ಹೊರಬಿತ್ತು. ಇನ್ನು ಬಾಣಲೆಯ ಬೆಂಕಿಯ ಮಾತು. ೨೦೨೪ರ ಜುಲೈ ೧೯ರಂದು, ವಿಂಡೋಸಿನ ತಿರುಳಿನೊಳಗೇ ಕುಳಿತು ಕೆಲಸ ಮಾಡುವ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ತಂತ್ರಾಂಶಕ್ಕೆ ದೋಷವುಳ್ಳ ಕಡತವೊಂದು ಬಂದು ಸೇರಿತು. ಮೈಕ್ರೋಸಾಫ್ಟಿನ ಅಂದಾಜಿನಂತೆ ೮೫ ಲಕ್ಷ ಯಂತ್ರಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. ಪ್ರಾಧ್ಯಾಪಕರು ೧೯೯೨ರಲ್ಲಿ ಅಂಜಿದ್ದು ಇಂತಹುದಕ್ಕೇ ಅಲ್ಲವೆ?

ವಿಂಡೋಸಿಗೂ ಆಪಲ್ಲಿಗೂ ಇರುವ ಭೇದ ಬೇರೆ ಬಗೆಯದು. ಹಳೆಯದನ್ನು ಕಾಪಾಡುವುದು ವಿಂಡೋಸಿನ ವ್ರತ. ಸಿಮ್‌ಸಿಟಿ ಎಂಬ ಆಟದಲ್ಲಿ ಒಂದು ತಪ್ಪು ಉಳಿದುಕೊಂಡಿತ್ತು. ಬಿಟ್ಟುಕೊಟ್ಟ ನೆನಪಿನ ಕೋಶವನ್ನೇ ಅದು ಮತ್ತೆ ಓದುತ್ತಿತ್ತು. ವಿಂಡೋಸ್ ೯೫ ಸಿದ್ಧವಾಗುತ್ತಿದ್ದಾಗ, ಓಡುತ್ತಿರುವುದು ಸಿಮ್‌ಸಿಟಿಯೇ ಎಂದು ಗುರುತಿಸಿ ಅದಕ್ಕಾಗಿಯೇ ನಿಯಮ ಸಡಿಲಿಸುವ ಏರ್ಪಾಟನ್ನು ವ್ಯವಸ್ಥೆಯೊಳಗೆ ಸೇರಿಸಿದರೆಂದು, ಆ ಆಟವನ್ನು ಬರೆದವರಿಂದ ಕೇಳಿ, ಜೋಯೆಲ್ ಸ್ಪೋಲ್ಸ್ಕಿ ಎಂಬ ಲೇಖಕರು ದಾಖಲಿಸಿದ್ದಾರೆ. ಪರರ ತಪ್ಪನ್ನು ತಾನು ಹೊತ್ತು ಗಿರಾಕಿಯ ಆಟ ನಿಲ್ಲದಂತೆ ನೋಡಿಕೊಂಡ ಕ್ರಮವಿದು. ಇಂತಹ ಹೊರೆಗಳು ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋದರೆ ವ್ಯವಸ್ಥೆ ಜಡವಾಗದೆ ಇದ್ದೀತೆ? ಆಪಲ್ಲಿನವರು ಹಳೆಯದನ್ನು ನಿರ್ದಾಕ್ಷಿಣ್ಯವಾಗಿ ಕಡಿದುಹಾಕುತ್ತಾರೆ. ೨೦೧೯ರಲ್ಲಿ ಹಳೆಯ ೩೨ ಬಿಟ್ ತಂತ್ರಾಂಶಗಳೆಲ್ಲವೂ ಅವರ ಹೊಸ ವ್ಯವಸ್ಥೆಯಲ್ಲಿ ಒಮ್ಮೆಗೇ ನಿಂತುಹೋದವು; ಮರುವರ್ಷ ಪ್ರೊಸೆಸರಿನ ಜಾತಿಯನ್ನೇ ಬದಲಿಸಲು ತೊಡಗಿದರು. ಆ ಯಂತ್ರ ನಯವಾಗಿ ಓಡುವುದಕ್ಕೆ ಇದೂ ಒಂದು ಕಾರಣ. ಆದರೆ ಬೆಲೆ ತೆರುವವನು ಗಿರಾಕಿ.

ಈಗ ನಮ್ಮ ೧೪ ಯಂತ್ರಗಳ ವಿಚಾರ. ಅವು ೨೦೧೬ರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ದಾನವಾಗಿತ್ತವು. ಅವುಗಳಲ್ಲಿರುವ ವಿಂಡೋಸ್ ೧೦ಕ್ಕೆ ಸಾಮಾನ್ಯ ರಕ್ಷಣೆ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಅಲ್ಪಕಾಲದ ವಿಸ್ತರಣೆಯುಂಟು, ಅದು ಪರಿಹಾರವಲ್ಲ. ವಿಂಡೋಸ್ ೧೧ ಕೇಳುವ ಪ್ರೊಸೆಸರ್ ನಮ್ಮವುಗಳಲ್ಲಿಲ್ಲ. ಹಳೆಯದನ್ನು ಕೈಬಿಡೆನೆಂಬ ವ್ರತ ತಂತ್ರಾಂಶಗಳಿಗೆ ಮಾತ್ರ, ಯಂತ್ರಗಳಿಗಲ್ಲವೆಂದು ಆಗ ತಿಳಿಯಿತು. ಯಂತ್ರಗಳು ಸುಸ್ಥಿತಿಯಲ್ಲಿವೆ. ಅವನ್ನು ಗುಜರಿಗೆ ಹಾಕಿ ಹೊಸವನ್ನು ಕೊಳ್ಳಲು ದೇಣಿಗೆ ಎತ್ತಬೇಕೆಂಬುದು ಮಂಡಳಿಯ ಕೆಲವು ಹಿರಿಯರ ಅಭಿಪ್ರಾಯ. ಅವರಲ್ಲಿ ಗೌರವವಿಟ್ಟೇ ನಾನು ಭಿನ್ನವಾಗಿ ಹೇಳುತ್ತೇನೆ: ೧೨ ಯಂತ್ರಗಳಿಗೆ ಲಿನಕ್ಸ್ ಹಾಕೋಣ, ಎರಡರಲ್ಲಿ ವಿಂಡೋಸ್ ಇರಲಿ. ದೇಣಿಗೆ ಬಂದರೆ ಆ ಎರಡನ್ನು ಮಾತ್ರ ಹೊಸದಾಗಿ ಕೊಂಡರೆ ಸಾಕು.

ಎರಡಾದರೂ ಏತಕ್ಕೆ? ಕಚೇರಿಯ ಲೆಕ್ಕಪತ್ರದ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಈ ವಾರ್ಷಿಕ ಸಂಚಿಕೆಯನ್ನು ಅಚ್ಚು ಹಾಕುವವರು ಇಂದಿಗೂ ಹಳೆಯ ನುಡಿ ಅಕ್ಷರಗಳ ಕಡತವನ್ನೇ ಕೇಳುತ್ತಾರೆ. ನಮ್ಮ ಹಿಂದಿನ ಸಂಚಿಕೆಗಳೆಲ್ಲ ಆ ಅಕ್ಷರಗಳಲ್ಲಿಯೇ ಇವೆ. ಅದಿಲ್ಲದ ಯಂತ್ರದಲ್ಲಿ ತೆರೆದರೆ ನಿಮ್ಮ ಅಣ್ಣ ಅಕ್ಕಂದಿರ ಪದ್ಯಗಳು ರೋಮನ್ ಅಕ್ಷರಗಳ ಕಸದಂತೆ ಕಾಣುತ್ತವೆ. ಇದು ಯಾವ ವ್ಯವಸ್ಥೆಯ ತಪ್ಪೂ ಅಲ್ಲ, ಯೂನಿಕೋಡಿಗೆ ಸಕಾಲದಲ್ಲಿ ಬದಲಾಯಿಸದ ನಮ್ಮ ಸೋಮಾರಿತನ. ಹೊಸದಾಗಿ ಬರೆಯುವುದಕ್ಕೆ ತೊಂದರೆಯಿಲ್ಲ. ಕೆ. ಪಿ. ರಾಯರು ರೂಪಿಸಿದ, ನುಡಿಯಲ್ಲಿ ನೀವು ಕಲಿತ ಕೀಲಿಮಣೆಯ ವಿನ್ಯಾಸವೇ ಲಿನಕ್ಸಿನಲ್ಲಿಯೂ ಕಗಪ ಎಂಬ ಹೆಸರಿನಿಂದ ದೊರೆಯುತ್ತದೆ.

ನೌಕರಿಗೆ ವಿಂಡೋಸ್ ಬೇಡವೆ ಎಂದು ಪಾಲಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಐಬಿಎಂ ಸಂಸ್ಥೆಯ ಓಎಸ್/೨ ಎಂಬ ವ್ಯವಸ್ಥೆ ೧೯೯೨ರ ಹೊತ್ತಿಗೆ ಅಂದಿನ ವಿಂಡೋಸಿಗಿಂತ ಗಟ್ಟಿಯಾಗಿತ್ತು, ವಿಂಡೋಸಿನ ತಂತ್ರಾಂಶಗಳನ್ನೂ ನಡೆಸುತ್ತಿತ್ತು. ಆದಕಾರಣವೇ ಅದಕ್ಕೆಂದು ಬೇರೆ ಬರೆಯುವ ಅಗತ್ಯ ಹೆಚ್ಚಿನವರಿಗೆ ಕಾಣಲಿಲ್ಲ, ಅದು ಸೊರಗಿಹೋಯಿತು. ಜನ ಇರುವಲ್ಲಿಗೇ ತಂತ್ರಾಂಶ ಬರುತ್ತದೆ, ತಂತ್ರಾಂಶ ಇರುವಲ್ಲಿಗೇ ಜನ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೇರಳದ ಸರಕಾರಿ ಶಾಲೆಗಳು ಅನೇಕ ವರ್ಷಗಳಿಂದ ಲಿನಕ್ಸಿನಲ್ಲಿಯೇ ಕಲಿಸುತ್ತಿವೆ. ಒಂದನ್ನು ಚೆನ್ನಾಗಿ ಬಲ್ಲವನಿಗೆ ಇನ್ನೊಂದನ್ನು ಹಿಡಿಯಲು ಹೆಚ್ಚು ದಿನ ಬೇಡ. ಒಂದನ್ನು ಗಿಳಿಪಾಠ ಮಾಡಿದವನಿಗೆ ಅದೂ ಕಷ್ಟ. ನಾನು ಎರಡನೆಯ ವರ್ಗಕ್ಕೆ ಸೇರಿದವನಾದುದರಿಂದ ಅನುಭವದಿಂದಲೇ ಹೇಳುತ್ತಿದ್ದೇನೆ.

ಲಿನಕ್ಸ್ ಪುಕ್ಕಟೆಯೆಂದು ವಾದಿಸಿದ ಹುಡುಗನಿಗೂ ಒಂದು ಮಾತು. ಡಿಸೆಂಬರಿನಲ್ಲಿ ಏಳನೆಯ ಯಂತ್ರಕ್ಕೆ ಅದನ್ನು ಹಾಕಿದೆ. ಹಣ ಖರ್ಚಾಗಲಿಲ್ಲ, ನಿಜ. ಪ್ರಿಂಟರನ್ನು ಒಪ್ಪಿಸುವುದಕ್ಕೆ ಎರಡು ಶನಿವಾರಗಳು ಹಿಡಿದವು. ನಮ್ಮ ಗಲ್ಲಿಯ ರಿಪೇರಿಯವನು ಅದನ್ನು ನೋಡಿ ಕೈಮುಗಿದು ಹೊರಟುಹೋದ. ಕೆಟ್ಟಾಗ ಯಾರನ್ನು ಕರೆಯುವುದೆಂಬ ಪ್ರಶ್ನೆಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ.

ಆ ಮೂವರೂ, ಆಸಕ್ತಿಯುಳ್ಳ ಇತರರೂ, ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಏಳನೆಯ ಯಂತ್ರದಲ್ಲಿ ನಿಮ್ಮ ನಿತ್ಯದ ಕೆಲಸಗಳನ್ನು ಮಾಡಿನೋಡಿ. ಆಗದುದನ್ನು ಪಕ್ಕದಲ್ಲಿಟ್ಟಿರುವ ನೋಟುಪುಸ್ತಕದಲ್ಲಿ ಬರೆಯಿರಿ. ಮಂಡಳಿಯ ಮುಂದೆ ಅದನ್ನೇ ಇಡುತ್ತೇನೆ. ಮೊದಲನೆಯ ಸಾಲನ್ನು ನಾನೇ ಬರೆದಿದ್ದೇನೆ: ಪ್ರಿಂಟರ್ ಇನ್ನೂ ಹಾಳೆಯ ಎರಡು ಬದಿಗೂ ಮುದ್ರಿಸುತ್ತಿಲ್ಲ.