ಚಮಚ ಹಿಡಿದ ಡಾಕ್ಟರು, ಬಿಲ್ಲು ಹಿಡಿದ ರಾಬಿನ್

ಕಾಲ ಕೆಳಗೆ ಹೊಳೆ. ಹೊಳೆಗೆ ಅಡ್ಡಲಾಗಿ ಒಂದೇ ಒಂದು ಮರದ ದಿಮ್ಮಿ. ಆಚೆ ಕಡೆ ಕತ್ತಿ ಹಿಡಿದು ನಗ್ತಾ ನಿಂತಿರೋದು ಸಾಕ್ಷಾತ್ ರಾಬಿನ್ ಹುಡ್. ಈಚೆ ಕಡೆಯ ನಮ್ಮ ಕಥಾನಾಯಕ ಕೈಗೆ ಗವಸು ತೊಟ್ಟು, ಬಹಳ ಗಂಭೀರವಾಗಿ ಹೊರಗೆ ತೆಗೆಯೋದು ಏನು ಗೊತ್ತಾ? ಒಂದು ಚಮಚ. ಆ ಚಮಚದಲ್ಲೇ ಕತ್ತಿವರಸೆಗೆ ಇಳೀತಾನೆ. ಕೊನೆಗೆ ನೀರಿಗೆ ಬೀಳ್ತಾನೆ ಅನ್ನೋದು ಬೇರೆ ವಿಷಯ.

ಇದು ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ‘ರೋಬಾಟ್ ಆಫ್ ಶೆರ್‌ವುಡ್’ ಅನ್ನೋ ಕಂತು. ಪ್ರಸಾರವಾಗಿದ್ದು 2014ರ ಸೆಪ್ಟೆಂಬರ್ 6ರಂದು. ಮೊದಲ ಸಲ ನೋಡಿದಾಗ ‘ಏನಪ್ಪಾ ಇದು ಮಕ್ಕಳಾಟ’ ಅಂತ ಅರ್ಧ ಗಮನ ಫೋನಿನಲ್ಲೇ ಇಟ್ಟುಕೊಂಡು ಮುಗಿಸಿದ್ದೆ. ಹೋದ ತಿಂಗಳು ಮತ್ತೆ ನೋಡಿದೆ. ಈ ಸಲ ನೋಡೋಕೆ ಕಾರಣವಾಗಿದ್ದು ನಮ್ಮ ಮನೆಯ ವಾಟ್ಸಾಪ್ ಗ್ರೂಪು. ಅಲ್ಲಿಗೆ ಆಮೇಲೆ ಬರ್ತೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ‘ಡಾಕ್ಟರ್ ಹೂ’ ಶುರುವಾಗಿದ್ದು 1963ರಲ್ಲಿ. ಡಾಕ್ಟರ್ ಬೇರೆ ಗ್ರಹದವನು, ಕಾಲದಲ್ಲಿ ಹಿಂದೆ ಮುಂದೆ ಓಡಾಡೋನು. ಅವನ ವಾಹನ ಹೊರಗಿಂದ ನೋಡಿದರೆ ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆ, ಒಳಗೆ ಹೋದರೆ ಅರಮನೆಯಷ್ಟು ಜಾಗ. ಸಾಯೋ ಸ್ಥಿತಿ ಬಂದಾಗ ಸಾಯೋ ಬದಲು ಹೊಸ ದೇಹ ತಾಳ್ತಾನೆ. ಹಾಗಾಗಿ ನಟರು ಬದಲಾಗ್ತಾ ಹೋದರೂ ಕಥೆ ನಿಂತಿಲ್ಲ. 2014ರಲ್ಲಿ ಆ ಪಾತ್ರಕ್ಕೆ ಬಂದವರು ಪೀಟರ್ ಕಪಾಲ್ಡಿ. ಗಂಟುಹುಬ್ಬು, ಸಿಡುಕು ಮೋರೆ, ಯಾರು ಏನು ಹೇಳಿದರೂ ನಂಬದ ಸ್ವಭಾವ. ಅವರ ಮೂರನೇ ಕಂತೇ ಇದು. ಬರೆದವರು ಮಾರ್ಕ್ ಗೇಟಿಸ್. ‘ಷರ್ಲಾಕ್’ ನೋಡಿದವರಿಗೆ ಷರ್ಲಾಕನ ಅಣ್ಣ ಮೈಕ್ರಾಫ್ಟ್ ಆಗಿ ಗುರುತಿರ್ತಾರೆ.

ಕಥೆ ಹೀಗೆ. ಎಲ್ಲಿಗೆ ಹೋಗೋಣ ಅಂತ ಡಾಕ್ಟರ್ ಕೇಳಿದಾಗ ಜೊತೆಗಾತಿ ಕ್ಲಾರಾ, ರಾಬಿನ್ ಹುಡ್‌ನನ್ನ ನೋಡಬೇಕು ಅಂತಾಳೆ. ‘ಅವನು ಇರಲೇ ಇಲ್ಲ, ಅದೆಲ್ಲ ಕಟ್ಟುಕಥೆ’ ಅಂತ ಡಾಕ್ಟರ್ ಷರಾ ಬರೀತಾನೆ. ಸರಿ, ನೋಡೇ ಬಿಡೋಣ ಅಂತ 1190ರ ಸುಮಾರಿನ ಶೆರ್‌ವುಡ್ ಕಾಡಿಗೆ ಇಳಿದು, ಪೆಟ್ಟಿಗೆಯಿಂದ ತಲೆ ಹೊರಗೆ ಹಾಕ್ತಾನೆ. ರಪ್ ಅಂತ ಒಂದು ಬಾಣ ಬಂದು ಪೆಟ್ಟಿಗೆಗೆ ನಾಟುತ್ತೆ. ಎದುರಿಗೆ ಹಸಿರು ಬಟ್ಟೆ, ಗಡ್ಡ, ಸೊಂಟದ ಮೇಲೆ ಕೈ, ಬಾಯ್ತುಂಬ ನಗು. ರಾಬಿನ್ ಹುಡ್!

ಇಷ್ಟಾದ ಮೇಲೂ ಡಾಕ್ಟರ್ ಒಪ್ಪಲ್ಲ. ಕಂತಿನ ತಮಾಷೆಯೆಲ್ಲ ಇರೋದು ಇಲ್ಲೇ. ರಾಬಿನ್‌ನ ಸಂಗಡಿಗರ ಕೂದಲು ಕೀಳ್ತಾನೆ, ರಕ್ತ ತೆಗೀತಾನೆ, ಒಬ್ಬನ ಚಪ್ಪಲಿ ಬಿಚ್ಚಿಸಿ ಮೂಸಿ ನೋಡ್ತಾನೆ. ಇವರು ಮನುಷ್ಯರಲ್ಲ, ಯಾರೋ ಮಾಡಿಟ್ಟ ಬೊಂಬೆಗಳು ಅಂತ ಸಾಬೀತು ಮಾಡೋ ಹಟ. ಅಷ್ಟಕ್ಕೂ ನಿಲ್ಲಲ್ಲ. ಆಕಾಶ ನೋಡಿ ‘ನಾಟಿಂಗ್‌ಹ್ಯಾಮ್‌ನಲ್ಲಿ ಇಷ್ಟೊಂದು ಬಿಸಿಲಾ? ಮರಗಳು ಇಷ್ಟು ಹಸಿರಾ?’ ಅಂತ ಅದನ್ನೂ ಅನುಮಾನಿಸ್ತಾನೆ. ರಾಬಿನ್ ಜೋರಾಗಿ ನಕ್ಕಷ್ಟೂ ಇವನ ಮುಖ ಗಂಟಾಗುತ್ತೆ.

ಆಮೇಲಿನದು ನಿಮಗೆ ಗೊತ್ತಿರೋ ರಾಬಿನ್ ಹುಡ್ ಕಥೆಯೇ, ಉಲ್ಟಾ ಮಾಡಿದ್ದು. ನಾಟಿಂಗ್‌ಹ್ಯಾಮ್‌ನ ಷೆರಿಫ್ ಬಂಗಾರದ ಬಾಣ ಬಹುಮಾನ ಇಟ್ಟು ಬಿಲ್ಲುಗಾರಿಕೆ ಸ್ಪರ್ಧೆ ನಡೆಸ್ತಾನೆ. ರಾಬಿನ್ ಹೊಡೆದ ಬಾಣವನ್ನ ಸೀಳ್ಕೊಂಡು ಡಾಕ್ಟರ್ ಹೊಡೀತಾನೆ, ಅದನ್ನ ಸೀಳ್ಕೊಂಡು ರಾಬಿನ್, ಮತ್ತೆ ಡಾಕ್ಟರ್. ಕೊನೆಗೆ ಬೇಜಾರಾಗಿ ಡಾಕ್ಟರ್ ಗುರಿಯನ್ನೇ ಸ್ಫೋಟಿಸಿಬಿಡ್ತಾನೆ. ಷೆರಿಫ್‌ನ ಸೈನಿಕರು ಲೋಹದ ಕವಚ ತೊಟ್ಟವರಲ್ಲ, ಕವಚವೇ ಮೈಯಾದ ರೋಬಾಟ್‌ಗಳು ಅಂತ ಆಗ ಗೊತ್ತಾಗುತ್ತೆ. ಮೂವರೂ ಸೆರೆಮನೆಗೆ. ಅಲ್ಲಿ ಸರಪಳಿ ಬಿಗಿದಿದ್ದರೂ ಡಾಕ್ಟರು, ರಾಬಿನ್ನು ‘ತಪ್ಪಿಸಿಕೊಳ್ಳೋ ಉಪಾಯ ನಂದು’ ಅಂತ ಜಗಳ. ಕ್ಲಾರಾ ಇಬ್ಬರಿಗೂ ಸ್ಕೂಲ್ ಟೀಚರ್ ಥರ ಬೈತಾಳೆ. ಅವಳು ನಿಜಕ್ಕೂ ಟೀಚರ್ರೇ. ಈ ಮೂವರಲ್ಲಿ ನಾಯಕ ಯಾರು ಅಂತ ಪತ್ತೆ ಮಾಡೋಕೆ ಬಂದ ಕಾವಲುಗಾರ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಕ್ಲಾರಾಳನ್ನ ಕರ್ಕೊಂಡು ಹೋಗ್ತಾನೆ. ನಮ್ಮ ಆಫೀಸ್ ಮೀಟಿಂಗುಗಳಿಗೂ ಅಂಥ ಒಬ್ಬ ಕಾವಲುಗಾರ ಬಂದರೆ ಚೆನ್ನಾಗಿರುತ್ತೆ.

ಷೆರಿಫ್‌ನ ಪ್ಲ್ಯಾನ್ ಇಡೀ ಜಗತ್ತನ್ನ ಆಳೋದು. ಆದರೆ ಮೊದಲು ಡರ್ಬಿ, ಆಮೇಲೆ ಲಿಂಕನ್. ತಿಪಟೂರು ಗೆದ್ದು, ಅರಸೀಕೆರೆ ಗೆದ್ದು, ಆಮೇಲೆ ಭೂಮಂಡಲ ಅಂದ ಹಾಗೆ. ಅವನ ಕೋಟೆ ಅಸಲಿಗೆ ಕೆಟ್ಟು ನಿಂತ ಅಂತರಿಕ್ಷ ನೌಕೆ. ರಿಪೇರಿಗೆ ಬಂಗಾರ ಬೇಕು, ಅದಕ್ಕೇ ಊರೆಲ್ಲ ಸುಲಿಗೆ. ಆ ಅಕಾಲದ ಬಿಸಿಲು, ಹಸಿರು ಕೂಡ ನೌಕೆಯಿಂದ ಸೋರ್ತಾ ಇರೋ ವಿಕಿರಣದ ಕೃಪೆ. ಅಂದರೆ ಡಾಕ್ಟರ್ ಅನುಮಾನಪಟ್ಟಿದ್ದು ಸರಿಯೇ. ಅನುಮಾನಪಟ್ಟ ಮನುಷ್ಯ ಮಾತ್ರ ತಪ್ಪು.

ನನ್ನನ್ನ ಹಿಡಿದು ನಿಲ್ಲಿಸಿದ್ದು ನೌಕೆಯೊಳಗಿನ ದೃಶ್ಯ. ಅಲ್ಲಿನ ಕಂಪ್ಯೂಟರಿನಲ್ಲಿ ರಾಬಿನ್ ಹುಡ್ ಕಥೆಗಳೆಲ್ಲ ತುಂಬಿಟ್ಟಿರುತ್ತೆ. ‘ನೋಡು, ನಿನ್ನನ್ನ ಇದರಿಂದಲೇ ಮಾಡಿರೋದು, ನೀನೂ ರೋಬಾಟೇ’ ಅಂತ ಡಾಕ್ಟರ್ ಪರದೆ ತೋರಿಸ್ತಾನೆ. ಚಿತ್ರಗಳು ಸರಸರ ಹಾದುಹೋಗ್ತವೆ. ಅದರಲ್ಲೊಂದು ಪ್ಯಾಟ್ರಿಕ್ ಟ್ರೌಟನ್ ಅವರದು. ಅವರು 1953ರಲ್ಲಿ ಬಿಬಿಸಿಯ ಧಾರಾವಾಹಿಯಲ್ಲಿ ರಾಬಿನ್ ಹುಡ್ ಆಗಿದ್ದವರು. 1966ರಲ್ಲಿ ಅದೇ ಟ್ರೌಟನ್ ಎರಡನೇ ಡಾಕ್ಟರ್ ಆದರು! ‘ನೀನು ಬರೀ ಕಥೆ’ ಅಂತ ಡಾಕ್ಟರ್ ಹಿಡಿದ ಸಾಕ್ಷಿಯಲ್ಲಿ ಡಾಕ್ಟರನ ಹಳೇ ಮುಖವೇ ಇದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತೆ, ಪಾತ್ರಗಳು ಆ ಬಗ್ಗೆ ಒಂದು ಮಾತೂ ಆಡಲ್ಲ. ಇಡೀ ಕಂತಿನ ಹೂರಣ ಮಾತ್ರ ಅದೇ ಅಂತ ನನಗೆ ಅನ್ನಿಸ್ತು.

ಡಾಕ್ಟರನ ವಾದ ಬೀಳೋದು ಷೆರಿಫ್‌ನ ಒಂದೇ ಪ್ರಶ್ನೆಗೆ. ನನ್ನನ್ನ ಸೋಲಿಸೋ ಶತ್ರುವನ್ನ ನಾನೇ ಯಾಕೆ ತಯಾರು ಮಾಡ್ಲಿ? ಇಷ್ಟು ಸರಳ ವಿಷಯ ಇಷ್ಟು ಬುದ್ಧಿವಂತನಿಗೆ ಹೊಳೆದಿರಲಿಲ್ಲ.

ಹಾಗಂತ ಇತಿಹಾಸದ ಕಡೆಯಿಂದ ಡಾಕ್ಟರ್ ಹೇಳಿದ್ದು ಸುಳ್ಳೇನಲ್ಲ. ರಾಬಿನ್ ಹುಡ್ ಹೆಸರು ಸಾಹಿತ್ಯದಲ್ಲಿ ಮೊದಲು ಸಿಗೋದು 1377ರ ಸುಮಾರಿನ ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲಿ. ಅದೂ ಹೇಗೆ? ಸೋಮಾರಿ ಪಾದ್ರಿಯೊಬ್ಬ, ತನಗೆ ಪ್ರಾರ್ಥನೆ ಸರಿಯಾಗಿ ಬರಲ್ಲ, ರಾಬಿನ್ ಹುಡ್ ಪದಗಳು ಚೆನ್ನಾಗಿ ಬರುತ್ತೆ ಅಂತ ಒಪ್ಪಿಕೊಳ್ಳೋ ಜಾಗದಲ್ಲಿ. ಅಂದರೆ ಅಷ್ಟು ಹೊತ್ತಿಗೇ ಅವನು ಹಾಡಾಗಿದ್ದ. ಹಳೇ ಲಾವಣಿಗಳಲ್ಲಿ ಅವನು ಜಮೀನು ಕಳ್ಕೊಂಡ ಶ್ರೀಮಂತ ಅಲ್ಲ, ಸಾಧಾರಣ ಸ್ವತಂತ್ರ ರೈತಾಪಿ. ಅವನಿಗೆ ಮೇರಿಯನ್ ಇಲ್ಲ. ಅವಳು ಬಂದಿದ್ದು ಮೇ ತಿಂಗಳ ಹಬ್ಬದ ಆಟಗಳಿಂದ. ಅವನನ್ನ ಅರ್ಲ್ ಮಾಡಿದ್ದು 1598ರ ನಾಟಕಗಳು. ಬಾಣ ಸೀಳೋ ಸಾಹಸವನ್ನ ಜನಪ್ರಿಯ ಮಾಡಿದ್ದು ವಾಲ್ಟರ್ ಸ್ಕಾಟ್‌ನ 1819ರ ‘ಐವನ್‌ಹೋ’ ಕಾದಂಬರಿ. 1984ರಲ್ಲಿ ಬ್ರಿಟನ್ನಿನ ಒಂದು ಟೀವಿ ಸರಣಿ ಅವನ ಗುಂಪಿಗೆ ನಸೀರ್ ಅನ್ನೋ ಮುಸ್ಲಿಂ ಯೋಧನನ್ನ ಹೊಸದಾಗಿ ಸೇರಿಸ್ತು. 1991ರ ಹಾಲಿವುಡ್ ಸಿನಿಮಾದಲ್ಲಿ ಮಾರ್ಗನ್ ಫ್ರೀಮನ್ ಅಂಥದೇ ಪಾತ್ರ ಮಾಡಿದ್ರು. ಅದೇ ವರ್ಷ ‘ಸ್ಟಾರ್ ಟ್ರೆಕ್’ನವರೂ ಸುಮ್ಮನಿರದೆ ತಮ್ಮ ನೌಕೆಯ ಅಧಿಕಾರಿಗಳಿಗೆ ರಾಬಿನ್ ಹುಡ್ ಗುಂಪಿನ ವೇಷ ತೊಡಿಸಿ ಶೆರ್‌ವುಡ್‌ಗೆ ಕಳಿಸಿದ್ರು. ಆರು ಶತಮಾನ ದಾಟಿದ ಮೇಲೂ ಸೇರಿಸೋ ಕೆಲಸ ನಡೀತಾನೇ ಇದೆ.

ಕಂತಿನಿಂದ ಕಿತ್ತಿದ್ದೂ ಒಂದಿದೆ. ಕೊನೆಯ ಹೋರಾಟದಲ್ಲಿ ಷೆರಿಫ್‌ನ ತಲೆ ಕತ್ತರಿಸಿ, ಅವನೂ ಅರೆಯಂತ್ರ ಅಂತ ಗೊತ್ತಾಗೋ ದೃಶ್ಯ ಚಿತ್ರೀಕರಣವಾಗಿತ್ತು. ಪ್ರಸಾರಕ್ಕೆ ಸ್ವಲ್ಪ ಮುಂಚೆ ಸಿರಿಯಾದಲ್ಲಿ ಉಗ್ರರು ಇಬ್ಬರು ಅಮೆರಿಕನ್ ಪತ್ರಕರ್ತರ ಶಿರಚ್ಛೇದ ಮಾಡಿದ್ದರಿಂದ ಬಿಬಿಸಿ ಅದನ್ನ ತೆಗೆದುಹಾಕಿತು. ಕಥೆಗೆ ಅಲ್ಲೊಂದು ಕೊಂಡಿ ತಪ್ಪಿದೆ ನಿಜ. ತೆಗೆದದ್ದು ಒಳ್ಳೇದೇ ಆಯ್ತು.

ಈಗ ವಾಟ್ಸಾಪ್ ಗ್ರೂಪಿಗೆ ಬರೋಣ. ಅಲ್ಲಿ ನನ್ನ ಕೆಲಸ ಫ್ಯಾಕ್ಟ್‌ಚೆಕ್ಕು. ಹಾಗಲಕಾಯಿ ರಸದಲ್ಲಿ ಶುಗರ್ ಮಾಯ ಅಂತ ಬಂದರೆ ‘ಫೇಕ್’. ರಾತ್ರಿ ಹನ್ನೆರಡಕ್ಕೆ ಕಾಸ್ಮಿಕ್ ಕಿರಣ ಬರುತ್ತೆ, ಫೋನ್ ಆಫ್ ಮಾಡಿ ಅಂತ ಬಂದರೆ ‘ಫೇಕ್’. ಇದರಲ್ಲಿ ನನಗೆ ನಾಚಿಕೆ ಏನಿಲ್ಲ, ಮುಂದೂ ಮಾಡ್ತೀನಿ. ಆದರೆ ಕೆಲವು ತಿಂಗಳ ಹಿಂದೆ ದೊಡ್ಡಪ್ಪ ಒಂದು ಉದ್ದದ ಮೆಸೇಜ್ ಹಾಕಿದ್ರು. ಬರಗಾಲದಲ್ಲಿ ಸಾಹುಕಾರ ಕಣಜಕ್ಕೆ ಬೀಗ ಹಾಕಿ ಕೂತಾಗ, ನಮ್ಮ ಮುತ್ತಜ್ಜ ರಾತ್ರೋರಾತ್ರಿ ಬೀಗ ಒಡೆದು ಊರಿಗೆಲ್ಲ ರಾಗಿ ಹಂಚಿದ ಕಥೆ. ಒಂದೊಂದೇ ಅಕ್ಷರ ಒತ್ತಿ ಬರೆದಿದ್ರು ಅಂತ ಕಾಣುತ್ತೆ, ಕಾಗುಣಿತ ಎಲ್ಲ ಅಲ್ಲಲ್ಲಿ ಬಿದ್ದಿತ್ತು. ನಾನು ‘ಯಾವ ವರ್ಷ ದೊಡ್ಡಪ್ಪ?’ ಅಂದೆ. ಅವರು ಹೇಳಿದ್ರು. ನಾನು ಲೆಕ್ಕ ಹಾಕಿ, ಆ ವರ್ಷ ಮುತ್ತಜ್ಜನಿಗೆ ನಾಲ್ಕೇ ವಯಸ್ಸು ಅಂತ ಹಾಕಿದೆ. ಜೊತೆಗೊಂದು ನಗೋ ಮುಖ. ಕಸಿನ್ನುಗಳೆಲ್ಲ ಹೆಬ್ಬೆರಳು ಎತ್ತಿದ್ರು. ಅವತ್ತಿಂದ ದೊಡ್ಡಪ್ಪ ಗ್ರೂಪಿನಲ್ಲಿ ‘ಶುಭೋದಯ’ ಬಿಟ್ಟು ಬೇರೇನೂ ಹಾಕಿಲ್ಲ.

ಅದು ನನ್ನ ಗಮನಕ್ಕೆ ಬಂದಿರಲೇ ಇಲ್ಲ. ಹೋದ ತಿಂಗಳು ಅಕ್ಕ ಫೋನಿನಲ್ಲಿ ‘ದೊಡ್ಡಪ್ಪ ಯಾಕೋ ಈಗ ಕಥೆನೇ ಹೇಳಲ್ಲ, ಅಲ್ವಾ?’ ಅಂದಳು. ಫೋನ್ ಇಟ್ಟ ಮೇಲೆ ಯಾಕೋ ಚಪ್ಪಲಿ ಮೂಸೋ ಆ ಡಾಕ್ಟರ್ ನೆನಪಾದ.

ಕಂತಿನ ಕೊನೆಗೆ ನೌಕೆ ಹಾರುತ್ತೆ. ಆದರೆ ಬಂಗಾರ ಸಾಲದು, ಆಕಾಶ ಮುಟ್ಟೋ ಮೊದಲೇ ಸಿಡಿದರೆ ಸುತ್ತಲ ಊರುಗಳೆಲ್ಲ ಬೂದಿ. ಉಳಿದಿರೋದು ಆ ಬಂಗಾರದ ಬಾಣ ಒಂದೇ. ರಾಬಿನ್‌ನ ತೋಳಿಗೆ ಗಾಯ. ಡಾಕ್ಟರ್ ಹೊಡೀಬಹುದಲ್ಲ ಅಂದರೆ, ಸ್ಪರ್ಧೆಯಲ್ಲಿ ತಾನು ಹೊಡೆದದ್ದು ತಾನಾಗೇ ಗುರಿ ಹುಡುಕಿಕೊಳ್ಳೋ ಬಾಣ, ಮೋಸ ಮಾಡಿದ್ದೆ ಅಂತ ಒಪ್ಪಿಕೊಳ್ತಾನೆ! ಕೊನೆಗೆ ಇಬ್ಬರೂ ಕ್ಲಾರಾ ಜೊತೆ ಸೇರಿ ಒಂದೇ ಬಿಲ್ಲು ಎಳೀತಾರೆ. ಹೊರಗೆ ತಾಗಿದ ಒಂದು ಬಾಣದ ಬಂಗಾರದಿಂದ ನೌಕೆ ಮೇಲೇರೋದು ಯಾವ ವಿಜ್ಞಾನ ಅಂತ ದಯವಿಟ್ಟು ಕೇಳಬೇಡಿ. ನಾನೂ ಕೇಳಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಪ್ರಗತಿ.

ಬೀಳ್ಕೊಡುವಾಗ ರಾಬಿನ್ ಕೇಳ್ತಾನೆ, ಮುಂದಿನ ಕಾಲದಲ್ಲಿ ನಾನು ನಿಜವಾಗಿ ಇದ್ದೆ ಅಂತ ಯಾರಿಗೂ ಗೊತ್ತಿರಲ್ಲವಂತೆ, ಬರೀ ಕಥೆಯಂತೆ, ಹೌದಾ? ಹೌದು ಅಂತಾನೆ ಡಾಕ್ಟರ್. ರಾಬಿನ್‌ಗೆ ಬೇಜಾರಿಲ್ಲ, ಖುಷಿ. ಅಷ್ಟೇ ಅಲ್ಲ, ಕ್ಲಾರಾ ತನಗೆ ಡಾಕ್ಟರನ ಕಥೆ ಹೇಳಿದಾಳೆ ಅಂತಾನೆ. ಸಿರಿವಂತಿಕೆಯಲ್ಲಿ ಹುಟ್ಟಿದವನು, ನೊಂದವರನ್ನ ನೋಡಿ ತಡೀಲಾರದೆ ಮನೆ ಬಿಟ್ಟು ಹೊರಟವನು. ನಿನ್ನ ಕಥೆಗೂ ನನ್ನ ಕಥೆಗೂ ಏನು ವ್ಯತ್ಯಾಸ ಅಂತ ಆ ನಗು ಕೇಳುತ್ತೆ. ನಾನು ಹೀರೋ ಅಲ್ಲ ಅಂತಾನೆ ಡಾಕ್ಟರ್. ನಾನೂ ಅಲ್ಲ ಅಂತಾನೆ ರಾಬಿನ್. ಆ ಇಡೀ ಕಂತಿನಲ್ಲಿ ಇಬ್ಬರೂ ಜಗಳ ಆಡದೆ ನಿಂತಿರೋದು ಅಲ್ಲಿ ಮಾತ್ರ. ನೀಲಿ ಪೆಟ್ಟಿಗೆ ಮಾಯವಾದಾಗ ಅದರ ಹಿಂದೆ ಮೇರಿಯನ್ ನಿಂತಿರ್ತಾಳೆ. ಡಾಕ್ಟರ್ ಹೇಳದೆ ಬಿಟ್ಟುಹೋದ ಉಡುಗೊರೆ.

ಅವತ್ತೇ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಕ್ಷಮಿಸಿ ಅನ್ನೋಕೆ ಬಾಯಿ ಬರಲಿಲ್ಲ. ಅದರ ಬದಲು ರಾಬಿನ್ ಹುಡ್ ಕಥೆ ಹೇಳಿದೆ, ಚಮಚ ಸಮೇತ. ಅವರು ಚಮಚದ ಹತ್ತಿರ ನಕ್ಕರು. ಆಮೇಲೆ, ‘ಅವನು ನಿಜವಾಗ್ಲೂ ಇದ್ನೇನು ಮಗಾ?’ ಅಂದ್ರು.

‘ಗೊತ್ತಿಲ್ಲ ದೊಡ್ಡಪ್ಪ’ ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಗಂಟಲು ಸರಿಮಾಡಿಕೊಂಡ್ರು. ‘ನಮ್ಮಜ್ಜ ಒಡೆದಿದ್ದು ಬೀಗ ಅಲ್ಲ ಕಣ್ ಮಗಾ, ಹಿಂದಿನ ಗೋಡೆ. ಬೀಗ ಒಡೆದ್ರೆ ಸದ್ದಾಗ್ತದಲ್ಲ, ಸಾಹುಕಾರನ ನಾಯಿ ಬೇರೆ ಅಲ್ಲೇ ಮಲಗಿತ್ತು...’

ಗೋಡೆಯಾಗಲಿ, ನಾಯಿಯಾಗಲಿ ಆ ಮೆಸೇಜಿನಲ್ಲಿ ಇರಲಿಲ್ಲ. ‘ನಾಯಿ ಬೊಗಳಲಿಲ್ವಾ?’ ಅಂತ ಕೇಳಿದೆ.