ನನ್ನ ಜಾಗ ಹಿಡಿದಿರಿ, ಈಗ ಬಂದೆ

ನೋಟಿಸ್ ಬೋರ್ಡಿನಲ್ಲಿ ಪ್ರವಾಸದ ಪಟ್ಟಿ ಹಾಕಿ ಎಂಟು ದಿನವಾಯಿತು. ಈ ಸಲ ಬಿಡದಿಯ ವಂಡರ್‌ಲಾ. ನಮ್ಮ ಕಾಮರ್ಸ್ ತರಗತಿಯಲ್ಲಿ ಹೆಸರು ಕೊಡದೆ ಉಳಿದವರು ನಾಲ್ಕೇ ಜನ. ಇಬ್ಬರ ಮನೆಯಲ್ಲಿ ಮದುವೆ, ಒಬ್ಬಳಿಗೆ ಬಸ್ಸಿನಲ್ಲಿ ವಾಂತಿ ಬರುತ್ತದೆ. ನಾಲ್ಕನೆಯವಳು ನಾನು. "ನೀನ್ಯಾಕೆ ಬರಲ್ಲ?" ಎಂದವರಿಗೆಲ್ಲ "ಅಬ್ಬಾ ಬೇಡ ಅಂದರು" ಎಂದಿದ್ದೇನೆ. ಅದು ಸುಳ್ಳು. ಹೋಗಿ ಬಾ ಎಂದು ಅಬ್ಬಾ ದುಡ್ಡು ಎತ್ತಿಟ್ಟಿದ್ದಾರೆ. ಸುಮ್ಮನೆ ಅವರ ಹೆಸರು ಕೆಡಿಸಿದೆನಲ್ಲ ಎಂಬ ಬೇಸರಕ್ಕೆ ನಿಜ ಬರೆಯುತ್ತಿದ್ದೇನೆ.

ನನಗೆ ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆ ಇದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದೊಡ್ಡ ಕರುಳಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಅಲ್ಲಿ ಹುಣ್ಣಾಗುತ್ತದೆ, ರಕ್ತ ಬರುತ್ತದೆ, ಹೊಟ್ಟೆ ನುಲಿಯುತ್ತದೆ. ಇದೇ ಜಾತಿಯ ಇನ್ನೊಂದು ಕಾಯಿಲೆ ಕ್ರೋನ್ಸ್. ಅದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಎರಡಕ್ಕೂ ಸೇರಿಸಿ ಐಬಿಡಿ ಎನ್ನುತ್ತಾರೆ. ಪ್ರತಿ ವರ್ಷ ಮೇ 19 ವಿಶ್ವ ಐಬಿಡಿ ದಿನ. ಇದು ಅಂಟುರೋಗವಲ್ಲ. ಗೋಬಿ ಮಂಚೂರಿ ತಿಂದು ಬಂದದ್ದೂ ಅಲ್ಲ. ಹೆಚ್ಚಾಗಿ 15ರಿಂದ 30 ವಯಸ್ಸಿನೊಳಗೆ, ಅಂದರೆ ನಮ್ಮ ವಯಸ್ಸಿನಲ್ಲೇ, ಶುರುವಾಗುತ್ತದೆ. ಔಷಧ ತೆಗೆದುಕೊಂಡರೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಮತ್ತೊಂದು ದಿನ ಹೇಳದೆ ಕೇಳದೆ ಎದ್ದು ಕೂರುತ್ತದೆ.

ಎಂಟನೇ ತರಗತಿಯಲ್ಲಿ ಮೊದಲ ಸಲ ರಕ್ತ ಕಂಡಾಗ ಪಕ್ಕದ ಮನೆಯವರು "ಉಷ್ಣ" ಎಂದು ಮಜ್ಜಿಗೆ ಕುಡಿಸಿದರು. ಅಮ್ಮಿ ನಜರ್ ತೆಗೆದರು. ಹತ್ತು ತಿಂಗಳು ಕಳೆದ ಮೇಲೆ ಕೊಲೊನೋಸ್ಕೋಪಿ ಮಾಡಿಸಿದಾಗ ಕಾಯಿಲೆಯ ಹೆಸರು ಗೊತ್ತಾಯಿತು. ಓದುತ್ತಿರುವ ಯಾರಿಗಾದರೂ ಹೀಗೆ ಆಗುತ್ತಿದ್ದರೆ ನಾಚಿಕೊಂಡು ಕೂರಬೇಡಿ, ಮನೆಯಲ್ಲಿ ಹೇಳಿ ಡಾಕ್ಟರಿಗೆ ತೋರಿಸಿ.

ಹತ್ತನೇ ತರಗತಿಯಲ್ಲಿ ಒಂದು ಪಾರ್ಕಿಗೆ ಹೋಗಿದ್ದೆ. ಯಾವುದು ಎನ್ನುವುದು ಬೇಡ, ಬಿಡದಿಯದ್ದಂತೂ ಅಲ್ಲ. ಹೊಟ್ಟೆ ಖಾಲಿ ಇದ್ದರೆ ಕಾಟ ಇರುವುದಿಲ್ಲ ಎಂದು ಹಿಂದಿನ ದಿನ ಮಧ್ಯಾಹ್ನದಿಂದಲೇ ಊಟ ಬಿಟ್ಟಿದ್ದೆ. ಆ ಲೆಕ್ಕ ತಪ್ಪು. ಹುಣ್ಣಾದ ಕರುಳು ಖಾಲಿ ಇದ್ದರೂ ಎಳೆಯುತ್ತದೆ. ರೋಲರ್ ಕೋಸ್ಟರಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆ. ಮುಂದೆ ಇನ್ನು ಹತ್ತು ಜನ ಇದ್ದಾರೆ ಎನ್ನುವಾಗ ಹೊಟ್ಟೆ ಹಿಡಿದುಕೊಂಡಿತು. ನನಗೆ ಅವಸರ ಆದ ಮೇಲೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಕಂಬಿಯ ಕೆಳಗೆ ನುಸುಳಿ ಓಡಿದೆ. ಹೇಗೋ ತಲುಪಿದೆ. ವಾಪಸ್ ಬಂದು ನನ್ನ ಜಾಗಕ್ಕೆ ಹೋಗುತ್ತೇನೆ ಎಂದರೆ ಅಲ್ಲಿದ್ದವರು "ಕೊನೆಯಿಂದ ಬನ್ನಿ" ಎಂದರು. ಅವರ ಕಣ್ಣಿಗೆ ನಾನು ನಡುವೆ ನುಗ್ಗುವ ಹುಡುಗಿ. ಅಷ್ಟು ಜನರ ಎದುರು ಕಾರಣ ಹೇಳಲು ಬಾಯಿ ಬರಲಿಲ್ಲ. ಸಂಜೆಯವರೆಗೆ ಶೌಚಾಲಯ ಕಾಣುವ ಒಂದು ಬೆಂಚಿನ ಮೇಲೆ ಗೆಳತಿಯರ ಬ್ಯಾಗು, ಚಪ್ಪಲಿ ಕಾಯುತ್ತ ಕೂತೆ. ಟಿಕೆಟ್ ಪೂರ್ತಿ, ರೈಡ್ ಸೊನ್ನೆ.

ಆ ಬೆಂಚಿನ ಮೇಲೆ ಯೋಚಿಸಲು ಬೇಕಾದಷ್ಟು ಹೊತ್ತು ಇತ್ತು. ರೈಡ್ ಎರಡು ಮೂರು ನಿಮಿಷದ್ದು, ಅದನ್ನು ನಾನು ತಡೆದುಕೊಳ್ಳಬಲ್ಲೆ. ಅದಕ್ಕಾಗಿ ನಿಲ್ಲುವ ಮುಕ್ಕಾಲು ಗಂಟೆ ನನ್ನ ಕೈಯಲ್ಲಿಲ್ಲ. ಅಂದರೆ ನನ್ನನ್ನು ಹೊರಗಿಟ್ಟದ್ದು ಸಾಲು. ಸಾಲನ್ನು ಮಾಡಿದವರು ಮನುಷ್ಯರೇ ಆದ್ದರಿಂದ ಅದನ್ನು ಸ್ವಲ್ಪ ಸಡಿಲಿಸುವುದೂ ಮನುಷ್ಯರಿಂದ ಸಾಧ್ಯ.

ಸಾಧ್ಯ ಎನ್ನಲು ಉದಾಹರಣೆ ಇದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಆಲಿ ಬೇನ್ ಎಂಬ 14 ವರ್ಷದ ಹುಡುಗಿಗೆ ಕ್ರೋನ್ಸ್ ಇತ್ತು. ಒಂದು ಅಂಗಡಿಯಲ್ಲಿ ಅವಸರವಾದಾಗ ಸಿಬ್ಬಂದಿಯ ಶೌಚಾಲಯ ಬಳಸಲು ಬಿಡಲಿಲ್ಲ, ಬಟ್ಟೆಯಲ್ಲೇ ಆಗಿಹೋಯಿತು. ಅವಳು ಸುಮ್ಮನಿರಲಿಲ್ಲ. 2005ರಲ್ಲಿ ಅಲ್ಲಿ ಕಾನೂನೇ ಬಂತು. ಇಂಥ ಕಾಯಿಲೆಯವರು ಕೇಳಿದರೆ, ಕೆಲವು ಷರತ್ತುಗಳಿಗೆ ಒಳಪಟ್ಟು, ಅಂಗಡಿಯವರು ಸಿಬ್ಬಂದಿಯ ಶೌಚಾಲಯ ಬಿಡಬೇಕು. ಆಮೇಲೆ ಬೇರೆ ಹಲವು ರಾಜ್ಯಗಳೂ ಅದೇ ದಾರಿ ಹಿಡಿದವು. ಜನ ಅದನ್ನು ಆಲಿಯ ಹೆಸರಿನಲ್ಲೇ ಕರೆಯುತ್ತಾರೆ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಪಟ್ಟಿ ಮಾಡಿದೆ. ಐಬಿಡಿ ಅದರಲ್ಲಿಲ್ಲ. ಹಾಗಾಗಿ ತೋರಿಸಲು ನನ್ನ ಬಳಿ ಡಾಕ್ಟರ ಚೀಟಿ ಬಿಟ್ಟರೆ ಯಾವ ಕಾರ್ಡೂ ಇಲ್ಲ.

"ಒಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರೂ ಹೊಟ್ಟೆನೋವು ಅನ್ನುತ್ತಾರೆ" ಎಂದು ನೀವು ಕೇಳಬಹುದು. ಆ ಭಯ ಸುಳ್ಳಲ್ಲ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಸಾಲಿನಲ್ಲಿ ನಿಲ್ಲಲಾಗದವರು ಹೊರಗೆ ಕಾದು ತಮ್ಮ ಹೊತ್ತಿಗೆ ಬರುವ ಏರ್ಪಾಟು ಇದೆ. ಬಳಸುವವರು ವಿಪರೀತ ಹೆಚ್ಚಾದರೆಂದು 2024ರಲ್ಲಿ ಅದನ್ನು ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಸೀಮಿತ ಮಾಡಿದರು. ಕ್ರೋನ್ಸ್, ಕೊಲೈಟಿಸ್ ಇರುವ ಹಲವರು ಹೊರಗುಳಿದರು. ಆದರೆ ನಾನು ಕೇಳುತ್ತಿರುವುದು ಅಷ್ಟು ದೊಡ್ಡದಲ್ಲ. ಎಲ್ಲರಿಗಿಂತ ಮುಂದೆ ಹೋಗುವುದು ನನಗೆ ಬೇಡ. ಎದ್ದು ಹೋಗಿ ಬಂದು ನನ್ನ ಜಾಗದಲ್ಲೇ ನಿಲ್ಲಬೇಕು, ಅಷ್ಟೇ. ಇದರಲ್ಲಿ ಸುಳ್ಳು ಹೇಳಿದವರಿಗೆ ಲಾಭವೇನೂ ಇಲ್ಲ.

ರಂಜಾನಿನಲ್ಲಿ ಕಾಯಿಲೆಯವರಿಗೂ ಪ್ರಯಾಣದಲ್ಲಿರುವವರಿಗೂ ರೋಜಾದಿಂದ ವಿನಾಯಿತಿ ಇದೆ, ಆಮೇಲೆ ತೀರಿಸಬಹುದು. ಅದನ್ನು ಯಾರೂ ಮೈಗಳ್ಳತನ ಅನ್ನುವುದಿಲ್ಲ. ಪ್ರವಾಸದ ದಿನ ನಾನು ಕಾಯಿಲೆಯವಳೂ ಹೌದು, ಪ್ರಯಾಣಿಕಳೂ ಹೌದು.

ಆದ್ದರಿಂದ ಪ್ರವಾಸ ಸಮಿತಿಯ ಸರ್ ಮತ್ತು ಮೇಡಂ ಅವರಲ್ಲಿ ನಾಲ್ಕು ಕೋರಿಕೆ. ಒಂದು, ಇಲ್ಲಿಂದ ಬಿಡದಿಗೆ 350 ಕಿ.ಮೀ. ಆಸುಪಾಸು, ಇಡೀ ರಾತ್ರಿಯ ದಾರಿ. ಶಿವಮೊಗ್ಗ, ಕಡೂರು, ಅರಸೀಕೆರೆ, ತುಮಕೂರು, ಎಲ್ಲೆಲ್ಲಿ ಬಸ್ಸು ನಿಲ್ಲುತ್ತದೆ ಎಂದು ಮೊದಲೇ ಹೇಳಿ. ನಡುವೆ ಯಾರಾದರೂ ಕೇಳಿದರೆ ಕಾರಣ ಕೇಳದೆ ನಿಲ್ಲಿಸಿ. ಎರಡು, ಡಾಕ್ಟರ ಚೀಟಿ ಇರುವವರ ವಿಷಯವನ್ನು ಪಾರ್ಕಿನವರಿಗೆ ಮುಂಚೆಯೇ ಫೋನಿನಲ್ಲಿ ತಿಳಿಸಿ. ನಮ್ಮ ಔಷಧ ಮತ್ತು ಮನೆಯ ಅನ್ನ ಮೊಸರು ಒಳಗೆ ಬಿಡುತ್ತಾರೆಯೇ ಎಂದೂ ಕೇಳಿ. ಮೂರು, ಪ್ರವಾಸದ ಅರ್ಜಿಯಲ್ಲಿ ಆರೋಗ್ಯಕ್ಕೆ ಒಂದು ಕಾಲಂ ಇರಲಿ. ಅದನ್ನು ಒಬ್ಬ ಉಪನ್ಯಾಸಕರು ಮಾತ್ರ ಓದಲಿ. ನನ್ನಂತೆ ಪತ್ರಿಕೆಯಲ್ಲಿ ಬರೆಯುವ ಧೈರ್ಯ ಎಲ್ಲರಿಗೂ ಇರಬೇಕಾಗಿಲ್ಲ. ನಾಲ್ಕು, ಹೊರಡುವ ದಿನವೇ ಕಾಯಿಲೆ ಎದ್ದರೆ ಕಟ್ಟಿದ ಹಣದಲ್ಲಿ ಸ್ವಲ್ಪವಾದರೂ ವಾಪಸ್ ಸಿಗಲಿ. ಕಾಮರ್ಸ್‌ನವಳು, ಕೇಳದೆ ಇರಲಾರೆ.

ನನ್ನ ಕಡೆಯಿಂದಲೂ ಒಂದು ಮಾತು ಕೊಡುತ್ತೇನೆ. ಹೊಟ್ಟೆ ಸರಿಯಿಲ್ಲದ ದಿನ ನೀರಿನ ಆಟಕ್ಕೆ ಇಳಿಯುವುದಿಲ್ಲ. ಅದು ನಿಮಗೆ ನಾನು ಕೊಡಬೇಕಾದ ಮರ್ಯಾದೆ.

ಇನ್ನು ನನ್ನ ತರಗತಿಯ ಗೆಳೆಯ ಗೆಳತಿಯರಿಗೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಾವು ಏನು ಮಾಡುತ್ತೇವೆ? ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುತ್ತೇವೆ. ಮೇಳಿಗೆಯ ಬಸ್ಸಿನಲ್ಲಿ ನನಗೆ ಎಷ್ಟೋ ಸಲ ನೀವೇ ಹಿಡಿದುಕೊಟ್ಟಿದ್ದೀರಿ. ಆ ಕರ್ಚೀಫಿಗೆ ಇರುವ ಬೆಲೆ ಸಾಲಿನಲ್ಲಿ ನನಗೂ ಇರಲಿ. ನಾನು ಓಡಿದಾಗ "ಎಲ್ಲಿಗೆ?" ಅನ್ನಬೇಡಿ. ವಾಪಸ್ ಬಂದಾಗ ಹಿಂದಿನವರು ರೇಗಿದರೆ "ಅವಳು ಇಲ್ಲೇ ಇದ್ದಳು" ಎಂದು ಒಂದು ಮಾತು ಹೇಳಿ.

ಈ ಲೇಖನವನ್ನು ಸಂಪಾದಕ ಮೇಡಂಗೆ ಕೊಟ್ಟು ಸೀದಾ ನೋಟಿಸ್ ಬೋರ್ಡಿನ ಹತ್ತಿರ ಹೋಗುತ್ತೇನೆ. ಪಟ್ಟಿಯ ಕೊನೆಯಲ್ಲಿ ಹೆಸರು ಬರೆಯುತ್ತೇನೆ. ಮೊದಲು ಅಬ್ಬಾಗೆ ಹೇಳಬೇಕು, ಅವರ ಹೆಸರಿನಲ್ಲಿ ಹೇಳಿದ ಸುಳ್ಳನ್ನೂ ಸೇರಿಸಿ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ