ನೆಲವೂ ದೇಹವೂ: ಸಭೆ ಕೊಡಬೇಕಾದ ಲೆಕ್ಕ

2007ರ ಜೂನ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನ ವಾರ್ಷಿಕ ಸಮಾವೇಶ ನಡೆಯಿತು. ಆಗ ಒಂದೂವರೆ ಕೋಟಿಗೂ ಹೆಚ್ಚು ಸದಸ್ಯರಿದ್ದ, ಆ ದೇಶದ ಅತಿ ದೊಡ್ಡ ಪ್ರಾಟೆಸ್ಟಂಟ್ ಪಂಗಡ ಅದು. ಸಂಪ್ರದಾಯವಾದಿ ಕ್ರೈಸ್ತರ ಗಟ್ಟಿ ನೆಲೆ. ಆ ಸಮಾವೇಶ ಜಾಗತಿಕ ತಾಪಮಾನ ಏರಿಕೆಯ ಬಗ್ಗೆ ಒಂದು ನಿರ್ಣಯ ಅಂಗೀಕರಿಸಿತು. ತಾಪಮಾನ ಏರಲು ಮನುಷ್ಯನೇ ಕಾರಣವೆಂಬ ವಾದದಲ್ಲಿ ವಿಜ್ಞಾನಿಗಳೇ ಒಮ್ಮತಕ್ಕೆ ಬಂದಿಲ್ಲ, ಆದ್ದರಿಂದ ಎಚ್ಚರದಿಂದ ಹೆಜ್ಜೆ ಇಡಬೇಕು, ಸರ್ಕಾರ ಕಡ್ಡಾಯ ಮಿತಿ ಹೇರುವುದು ಬೇಡ ಎಂಬುದು ಅದರ ಸಾರ. ಅದೇ ಸಮಾವೇಶದಲ್ಲಿ ಸಭಾಪಾಲಕರೊಬ್ಬರು ಬೇರೊಂದು ವಿಷಯ ಮುಂದಿಟ್ಟರು. ಲೈಂಗಿಕ ದೌರ್ಜನ್ಯ ಎಸಗಿದ ಬೋಧಕರು ಒಂದು ಸಭೆಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಹೋಗಿ ಸೇರುತ್ತಿದ್ದಾರೆ, ಅಂಥವರ ಹೆಸರುಗಳನ್ನು ಒಂದೆಡೆ ದಾಖಲಿಸುವ ವ್ಯವಸ್ಥೆಯ ಬಗ್ಗೆ ಅಧ್ಯಯನವಾಗಲಿ ಎಂದು ಅವರು ಕೇಳಿದರು. ಮರುವರ್ಷ ಕಾರ್ಯಕಾರಿ ಸಮಿತಿಯ ಉತ್ತರ ಬಂತು: ನಮ್ಮಲ್ಲಿ ಪ್ರತಿ ಸಭೆಯೂ ಸ್ವತಂತ್ರ, ಮೇಲಿನವರು ಅಂಥ ದಾಖಲೆ ಇಡಲು ಬರುವುದಿಲ್ಲ.

ಈ ಎರಡು ತೀರ್ಮಾನಗಳನ್ನು ಬೇರೆ ಬೇರೆಯಾಗಿ ನೋಡುವುದು ರೂಢಿ. ಮೊದಲನೆಯದು ರಾಜಕೀಯ, ಎರಡನೆಯದು ಆಡಳಿತದ ನಿಯಮ ಎಂದು. ನನಗೆ ಇವೆರಡರಲ್ಲೂ ಕಾಣುವುದು ಒಂದೇ ಮನೋಭಾವ. ತನ್ನ ಕೈಕೆಳಗಿರುವುದಕ್ಕೆ ಆದ ಹಾನಿಯ ಲೆಕ್ಕವನ್ನು ಯಾರಿಗೂ ಕೊಡಬೇಕಿಲ್ಲ ಎಂದುಕೊಂಡ ಅಧಿಕಾರದ ಮನೋಭಾವ.

'ಸಭೆ ಸ್ವತಂತ್ರ' ಎಂಬ ಮಾತು ಎಷ್ಟು ನಿಲ್ಲುತ್ತದೆ ನೋಡಿ. 1993ರಲ್ಲಿ ಇದೇ ಕನ್ವೆನ್ಷನ್ ತನ್ನ ಸಂವಿಧಾನ ತಿದ್ದಿ, ಸಲಿಂಗ ಸಂಬಂಧವನ್ನು ಒಪ್ಪುವ ಸಭೆಗಳಿಗೆ ತನ್ನಲ್ಲಿ ಜಾಗವಿಲ್ಲ ಎಂದು ಬರೆದುಕೊಂಡಿತ್ತು. 2023ರಲ್ಲಿ ಮಹಿಳೆಯರನ್ನು ಸಭಾಪಾಲಕರನ್ನಾಗಿ ಮಾಡಿದ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್‌ನಂಥ ಬೃಹತ್ ಸಭೆಯನ್ನೇ ಹೊರಹಾಕಿತು. ಆಗ ಸ್ವಾತಂತ್ರ್ಯ ಅಡ್ಡ ಬರಲಿಲ್ಲ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಬೋಧಕನ ಹೆಸರು ಬರೆದಿಡುವ ಪ್ರಶ್ನೆ ಬಂದಾಗ ಮಾತ್ರ ಅಡ್ಡ ಬಂತು.

ಹೆಸರುಗಳು ಇರಲಿಲ್ಲವೇ? ಇದ್ದವು. 2019ರಲ್ಲಿ ಹೂಸ್ಟನ್ ಕ್ರಾನಿಕಲ್ ಮತ್ತು ಸ್ಯಾನ್ ಆಂಟೋನಿಯೊ ಎಕ್ಸ್‌ಪ್ರೆಸ್-ನ್ಯೂಸ್ ಪತ್ರಿಕೆಗಳು ಜೊತೆಯಾಗಿ ತನಿಖೆ ಮಾಡಿ, ಎರಡು ದಶಕಗಳಲ್ಲಿ ಸುಮಾರು 380 ಬೋಧಕರು, ಮುಖಂಡರು, ಸ್ವಯಂಸೇವಕರ ಮೇಲೆ ಆರೋಪಗಳಿರುವುದನ್ನೂ 700ಕ್ಕೂ ಹೆಚ್ಚು ಮಂದಿ ಬಲಿಪಶುಗಳಾಗಿರುವುದನ್ನೂ ಬಯಲಿಗೆ ತಂದವು. ಆಮೇಲೆ ಸಮಾವೇಶದ ಸಾಮಾನ್ಯ ಪ್ರತಿನಿಧಿಗಳೇ ಪಟ್ಟು ಹಿಡಿದು ಸ್ವತಂತ್ರ ತನಿಖೆ ಮಾಡಿಸಿದರು. ಈ ಶ್ರೇಯಸ್ಸು ಅವರಿಗೆ ಸಲ್ಲಲೇಬೇಕು. 2022ರ ಮೇ ತಿಂಗಳಲ್ಲಿ ಗೈಡ್‌ಪೋಸ್ಟ್ ಸಂಸ್ಥೆಯ ವರದಿ ಬಂದಾಗ ತಿಳಿದದ್ದೇನು? ದಾಖಲೆ ಸಾಧ್ಯವಿಲ್ಲ ಎಂದಿದ್ದ ಕಾರ್ಯಕಾರಿ ಸಮಿತಿಯ ಕಚೇರಿಯಲ್ಲೇ ಒಬ್ಬ ಸಿಬ್ಬಂದಿ ವರ್ಷಗಟ್ಟಲೆ ಆರೋಪಿತರ ಪಟ್ಟಿ ಇಟ್ಟುಕೊಂಡು ಬಂದಿದ್ದರು. ಅದರಲ್ಲಿ 703 ಹೆಸರುಗಳಿದ್ದವು. ಅವರಲ್ಲಿ 409 ಮಂದಿ ಒಂದಲ್ಲ ಒಂದು ಕಾಲದಲ್ಲಿ ಇದೇ ಪಂಗಡದ ಸಭೆಗಳಲ್ಲಿ ಇದ್ದವರೆಂದು ಅಂದಾಜಿಸಲಾಗಿತ್ತು. ಆ ಪಟ್ಟಿಯಿಂದ ಒಂದು ಮಗುವನ್ನೂ ಕಾಪಾಡುವ ಕೆಲಸ ಆಗಲಿಲ್ಲ. ಮೊಕದ್ದಮೆ ಬಂದರೆ ಏನು ಗತಿ ಎಂಬುದೇ ಮುಖಂಡರ ಮುಖ್ಯ ಚಿಂತೆಯಾಗಿತ್ತು ಎಂದು ವರದಿ ಹೇಳಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ದೇಹದ ಶುದ್ಧಿ, ದಾಂಪತ್ಯ ನಿಷ್ಠೆಗಳ ಬಗ್ಗೆ ಈ ಕ್ರೈಸ್ತರಿಗಿರುವ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೇಹ ದೇವರಿಗೆ ಸೇರಿದ್ದು, ಅದನ್ನು ಮನಬಂದಂತೆ ಬಳಸಬಾರದು ಎಂಬ ಮಾತಿಗೆ ತೂಕವಿದೆ. ಆದರೆ ಆ ನಂಬಿಕೆಯ ಶಬ್ದಗಳೇ ಅಪರಾಧ ಮುಚ್ಚುವ ಸಾಧನವಾದದ್ದು ಹೇಗೆಂಬುದನ್ನು ಕಾಣದೆ ಹೋದರೆ ವಿಷಯ ಅರ್ಥವಾಗುವುದಿಲ್ಲ. ಹದಿನಾಲ್ಕರ ಹುಡುಗಿಯನ್ನು ಯುವಜನ ಸಭೆಯ ಬೋಧಕ ಕೆಡಿಸಿದರೆ ಅದು ಪೊಲೀಸರಿಗೆ ಹೋಗಬೇಕಾದ ಅಪರಾಧ. ಅದನ್ನು 'ಪಾಪ' ಎಂದಷ್ಟೇ ಕರೆದ ಕೂಡಲೇ ದಾರಿ ಬದಲಾಗುತ್ತದೆ. ಪಾಪಕ್ಕೆ ಪಶ್ಚಾತ್ತಾಪವಿದೆ, ಪಶ್ಚಾತ್ತಾಪಕ್ಕೆ ಕ್ಷಮೆಯಿದೆ, ಕ್ಷಮಿಸದವಳೇ ಕಠಿಣ ಹೃದಯದವಳಾಗುತ್ತಾಳೆ. 2019ರಲ್ಲಿ ಒಬ್ಬ ಮಹಿಳೆ ತನ್ನ ಮೇಲೆ ನಡೆದ ದೌರ್ಜನ್ಯವನ್ನು ಬರೆದುಕೊಟ್ಟಾಗ ಪಂಗಡದ ಸುದ್ದಿಸಂಸ್ಥೆ ಅದನ್ನು ಇಬ್ಬರ ನಡುವಿನ ಅನೈತಿಕ ಸಂಬಂಧ ಎಂಬಂತೆ ಪ್ರಕಟಿಸಿತು. ಮುಂದೆ ಕ್ಷಮೆ ಕೇಳಿತು, ನಿಜ. ಅಷ್ಟರಲ್ಲಿ ಆಕೆ ಕಳೆದುಕೊಳ್ಳಬೇಕಾದ್ದನ್ನೆಲ್ಲ ಕಳೆದುಕೊಂಡಾಗಿತ್ತು.

ಪರಿಸರದ ಕಡೆಗೆ ಬರೋಣ. 2007ರ ಮಾರ್ಚ್‌ನಲ್ಲಿ, ಸ್ಯಾನ್ ಆಂಟೋನಿಯೊ ಸಮಾವೇಶಕ್ಕೆ ಮೂರು ತಿಂಗಳು ಮೊದಲು, 'ಫೋಕಸ್ ಆನ್ ದ ಫ್ಯಾಮಿಲಿ' ಎಂಬ ಕ್ರೈಸ್ತ ಸಂಸ್ಥೆಯ ಜೇಮ್ಸ್ ಡಾಬ್ಸನ್ ಸೇರಿದಂತೆ ಇಪ್ಪತ್ತೈದು ಮುಖಂಡರು, ಇವಾಂಜೆಲಿಕಲ್ ಕ್ರೈಸ್ತರ ಒಕ್ಕೂಟವಾದ ನ್ಯಾಷನಲ್ ಅಸೋಸಿಯೇಷನ್ ಆಫ್ ಇವಾಂಜೆಲಿಕಲ್ಸ್‌ನ ಆಡಳಿತ ಮಂಡಳಿಗೆ ಪತ್ರ ಬರೆದಿದ್ದರು. ದೂರು ಇದ್ದದ್ದು ರಿಚರ್ಡ್ ಸಿಜಿಕ್ ಮೇಲೆ. ಸೃಷ್ಟಿಯನ್ನು ಕಾಯುವುದು ಕ್ರೈಸ್ತರ ಕರ್ತವ್ಯ ಎಂದು ಆ ಸಂಸ್ಥೆಯ ಪರವಾಗಿ ಹೇಳುತ್ತ ಬಂದವರು ಅವರು. ಹವಾಮಾನದ ಮಾತಾಡುತ್ತ ಈತ ನಮ್ಮ ಜನರ ಗಮನವನ್ನು ಗರ್ಭಪಾತ, ಮದುವೆ, ಮಕ್ಕಳಿಗೆ ಕಲಿಸಬೇಕಾದ ಲೈಂಗಿಕ ಸಂಯಮದಂಥ ದೊಡ್ಡ ನೈತಿಕ ಪ್ರಶ್ನೆಗಳಿಂದ ಬೇರೆಡೆಗೆ ತಿರುಗಿಸುತ್ತಿದ್ದಾನೆ ಎಂಬುದು ಆಕ್ಷೇಪ. ಮಂಡಳಿ ಆಗ ಸಿಜಿಕ್‌ರನ್ನು ಕೈಬಿಡಲಿಲ್ಲ. ಮರುವರ್ಷದ ಡಿಸೆಂಬರ್‌ನಲ್ಲಿ, ಸಲಿಂಗಿಗಳ ನಾಗರಿಕ ಒಡಂಬಡಿಕೆಯ ಬಗ್ಗೆ ತನ್ನ ನಿಲುವು ಬದಲಾಗುತ್ತಿದೆ ಎಂದು ರೇಡಿಯೊ ಸಂದರ್ಶನದಲ್ಲಿ ಹೇಳಿದ್ದಕ್ಕೆ ಅವರು ರಾಜೀನಾಮೆ ಕೊಡಬೇಕಾಯಿತು. ಡಾಬ್ಸನ್ ಪತ್ರಕ್ಕೆ ನಾಲ್ಕು ತಿಂಗಳ ಹಿಂದಷ್ಟೇ ಇದೇ ಸಂಸ್ಥೆಯ ಅಧ್ಯಕ್ಷ ಟೆಡ್ ಹ್ಯಾಗರ್ಡ್ ಲೈಂಗಿಕ ಹಗರಣದಲ್ಲಿ ಸಿಕ್ಕಿ ಹುದ್ದೆ ಬಿಟ್ಟಿದ್ದರು. ಬೆಂಕಿ ಒಳಮನೆಯಲ್ಲೇ ಹೊತ್ತಿತ್ತು. ಆದರೂ ನೈತಿಕತೆಗೆ ಅಪಾಯ ತರುತ್ತಿರುವುದು ಹವಾಮಾನದ ಮಾತು ಎಂದು ಪತ್ರ ಬರೆದವರಿಗೆ ಅನ್ನಿಸಿತು.

ಈ ಭಯ ಹುಟ್ಟಿದ್ದಕ್ಕೆ ಕಾರಣಗಳಿವೆ, ಅವನ್ನು ಪ್ರಾಮಾಣಿಕವಾಗಿ ಹೇಳಬೇಕು. 1967ರಲ್ಲಿ ಇತಿಹಾಸಕಾರ ಲಿನ್ ವೈಟ್ 'ಸೈನ್ಸ್' ಪತ್ರಿಕೆಯಲ್ಲಿ ಲೇಖನ ಬರೆದು, ಪರಿಸರ ಬಿಕ್ಕಟ್ಟಿನ ಬೇರು ಪಾಶ್ಚಾತ್ಯ ಕ್ರೈಸ್ತಧರ್ಮದಲ್ಲಿದೆ ಎಂದರು. ಮರುವರ್ಷ ಪಾಲ್ ಎರ್ಲಿಕ್ ಜನಸಂಖ್ಯಾ ಸ್ಫೋಟದ ಪುಸ್ತಕ ತಂದರು. ಹೀಗೆ ಪರಿಸರವಾದ ಎಂದರೆ ನಮ್ಮ ಧರ್ಮವನ್ನು ದೂರುವವರು, ಮಕ್ಕಳನ್ನು ಹೊರೆ ಎಂದು ಕಾಣುವವರು ಎಂಬ ಭಾವನೆ ಸಂಪ್ರದಾಯವಾದಿಗಳಲ್ಲಿ ಬೇರೂರಿತು. ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನು ಪೂಜಿಸುತ್ತಾರೆ ಎಂಬ ಆತಂಕವೂ ಜೊತೆಗೂಡಿತು.

ಆದರೆ ಸಂಪ್ರದಾಯವಾದಿಗಳಲ್ಲೇ ಎಲ್ಲರೂ ಹೀಗೆ ಉತ್ತರಿಸಲಿಲ್ಲ. ಗರ್ಭಪಾತ ವಿರೋಧಿ ಚಳವಳಿಗೆ ಮುಂದೆ ಗುರುವಿನಂತಾದ ಫ್ರಾನ್ಸಿಸ್ ಶೇಫರ್ 1970ರಲ್ಲೇ ವೈಟ್‌ಗೆ ಉತ್ತರವಾಗಿ ಪರಿಸರದ ಬಗ್ಗೆ ಒಂದು ಪುಸ್ತಕ ಬರೆದರು. ತಾವು ಉಪನ್ಯಾಸಕ್ಕೆ ಹೋದ ಕ್ರೈಸ್ತ ಶಾಲೆಯ ಪ್ರಸಂಗ ಅದರಲ್ಲಿದೆ. ಕಣಿವೆಯ ಆಚೆ ಬದಿಯಲ್ಲಿ ಹಿಪ್ಪಿಗಳ ವಸತಿಯಿತ್ತು. ಶೇಫರ್ ಅಲ್ಲಿಗೂ ಹೋದರು. ಆ ವಸತಿ ಚೆಲುವಾಗಿತ್ತು. ಅಲ್ಲಿ ನಿಂತು ತಿರುಗಿ ನೋಡಿದರೆ ಕ್ರೈಸ್ತ ಶಾಲೆ ಕುರೂಪವಾಗಿ ಕಂಡಿತು. ಅವರು ಹಿಪ್ಪಿಗಳ ನಂಬಿಕೆಯನ್ನು ಒಪ್ಪಲಿಲ್ಲ, ತಮ್ಮವರ ನಡತೆಯನ್ನು ಪ್ರಶ್ನಿಸಿದರು. ಕೆಂಟಕಿಯ ರೈತ ಲೇಖಕ ವೆಂಡೆಲ್ ಬೆರಿ ಇನ್ನೂ ಮುಂದೆ ಹೋದರು. 1977ರ ತಮ್ಮ ಕೃತಿಯಲ್ಲಿ ದೇಹ ಮತ್ತು ಭೂಮಿಯ ಮೇಲೆ ಒಂದು ದೀರ್ಘ ಅಧ್ಯಾಯವನ್ನೇ ಬರೆದು, ಸಂಗಾತಿಗೆ ತೋರುವ ನಿಷ್ಠೆಯೂ ನೆಲಕ್ಕೆ ತೋರುವ ನಿಷ್ಠೆಯೂ ಒಂದಕ್ಕೊಂದು ಹೆಣೆದುಕೊಂಡಿವೆ, ಒಂದು ಕಡಿದರೆ ಇನ್ನೊಂದೂ ಉಳಿಯದು ಎಂದು ವಾದಿಸಿದರು. 2008ರಲ್ಲಿ ಸದರ್ನ್ ಬ್ಯಾಪ್ಟಿಸ್ಟರಲ್ಲೇ ಕೆಲವರು, ಪಂಗಡದ ಆಗಿನ ಅಧ್ಯಕ್ಷರೂ ಸೇರಿ, ಪರಿಸರದ ವಿಷಯದಲ್ಲಿ ನಾವು ಅಳುಕಿದ್ದೇವೆ ಎಂದು ಹೇಳಿಕೆಗೆ ಸಹಿ ಹಾಕಿದರು.

ಇವರ್ಯಾರೂ ಹೊಸ ಧರ್ಮ ಕಟ್ಟಲಿಲ್ಲ. ಬೈಬಲಿನಲ್ಲೇ ಈ ಎರಡು ಪ್ರಶ್ನೆಗಳು ಒಟ್ಟಿಗಿವೆ. ಪ್ರವಾದಿ ಹೋಶೇಯನ ನಾಲ್ಕನೆಯ ಅಧ್ಯಾಯ ತೆರೆದರೆ, ಸುಳ್ಳು, ಕೊಲೆ, ಕಳವು, ವ್ಯಭಿಚಾರ ತುಂಬಿದ ನಾಡಿನಲ್ಲಿ ನೆಲ ದುಃಖಿಸುತ್ತದೆ, ಕಾಡುಮೃಗ, ಹಕ್ಕಿ, ಮೀನು ಸಹಿತ ಅಳಿಯುತ್ತವೆ ಎಂಬ ಚಿತ್ರವಿದೆ. ಯಾಜಕಕಾಂಡದ ಹದಿನೆಂಟನೆಯ ಅಧ್ಯಾಯ ಲೈಂಗಿಕ ನಿಷೇಧಗಳ ಪಟ್ಟಿ. ಸಂಪ್ರದಾಯವಾದಿಗಳು ಪದೇ ಪದೇ ಉದಾಹರಿಸುವ ಭಾಗ. ಏಳನೆಯ ವರ್ಷ ಹೊಲವನ್ನು ಬೀಳುಬಿಟ್ಟು ಭೂಮಿಗೆ ವಿಶ್ರಾಂತಿ ಕೊಡಿ ಎಂಬ ಆಜ್ಞೆ ಅದೇ ಪುಸ್ತಕದ ಇಪ್ಪತ್ತೈದನೆಯ ಅಧ್ಯಾಯದಲ್ಲಿದೆ. ಒಂದನ್ನು ಎತ್ತಿಹಿಡಿದು ಇನ್ನೊಂದನ್ನು ಮಡಚಿಡುವುದು ಗ್ರಂಥನಿಷ್ಠೆಯಲ್ಲ.

ಇನ್ನೂ ಸ್ಪಷ್ಟವಾದ ಪಾಠ ಇಬ್ಬರು ಅರಸರ ಕಥೆಯಲ್ಲಿದೆ. ದಾವೀದ ತನ್ನ ಸೈನಿಕನ ಹೆಂಡತಿಯನ್ನು ಕರೆಸಿಕೊಂಡು ಆ ಸೈನಿಕನನ್ನು ಯುದ್ಧದಲ್ಲಿ ಕೊಲ್ಲಿಸಿದ. ಅಹಾಬ ನಾಬೋತನ ದ್ರಾಕ್ಷಿತೋಟಕ್ಕೆ ಆಸೆಪಟ್ಟ, ನಾಬೋತ ಸುಳ್ಳು ಸಾಕ್ಷ್ಯದ ಮೇಲೆ ಕಲ್ಲೇಟಿಗೆ ಸತ್ತ. ಒಂದು ದೇಹದ ಕಥೆ, ಇನ್ನೊಂದು ನೆಲದ ಕಥೆ. ಎರಡರಲ್ಲೂ ಪ್ರವಾದಿ ಅರಸನೆದುರು ನಿಂತು ಲೆಕ್ಕ ಕೇಳುತ್ತಾನೆ, ಒಮ್ಮೆ ನಾತಾನ, ಇನ್ನೊಮ್ಮೆ ಎಲೀಯ. ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲ ಹೇಳುವುದೂ ಇದನ್ನೇ: ಹೊರಗಿನವರ ತೀರ್ಪು ದೇವರಿಗೆ ಬಿಡಿ, ನಿಮ್ಮೊಳಗಿನವನನ್ನು ನೀವು ವಿಚಾರಿಸಿ. ಅಮೆರಿಕದ ಈ ಸಭೆಗಳು ಮಾಡಿದ್ದು ತದ್ವಿರುದ್ಧ. ಹೊರಗಿನವರ ಮದುವೆಯನ್ನು ಮತಪೆಟ್ಟಿಗೆಯಲ್ಲಿ ವಿಚಾರಿಸಿದರು, ಒಳಗಿನ ಬೋಧಕನನ್ನು ಶಿಫಾರಸು ಪತ್ರ ಕೊಟ್ಟು ಕಳಿಸಿದರು.

ಹವಾಮಾನದ ಬಗ್ಗೆ ಈಗ ಅನುಮಾನಕ್ಕೆ ಎಡೆಯಿಲ್ಲ. ತಾಪ ಏರಿಕೆಗೆ ಮನುಷ್ಯನೇ ಕಾರಣ ಎಂಬುದು ನಿರ್ವಿವಾದ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿದೆ. ಹಾಗಿರುವಾಗ 2007ರ ನಿರ್ಣಯವನ್ನು ಕನ್ವೆನ್ಷನ್ ಹೊಸ ನಿರ್ಣಯದಿಂದ ತಿದ್ದಬೇಕು. ಅದಕ್ಕಿಂತ ತುರ್ತಾದದ್ದು ಮತ್ತೊಂದು. 2022ರಲ್ಲಿ ಅನಹೈಮ್ ಸಮಾವೇಶ, ದೌರ್ಜನ್ಯ ಎಸಗಿದವರ ಹೆಸರುಗಳನ್ನು ಯಾವ ಸಭೆ ಬೇಕಾದರೂ ನೋಡಬಹುದಾದಂತೆ ಪ್ರಕಟಿಸುವ ವ್ಯವಸ್ಥೆಗೆ ಭಾರೀ ಬಹುಮತದಿಂದ ಒಪ್ಪಿಗೆ ಕೊಟ್ಟಿತು. 2024ರ ಜೂನ್‌ನಲ್ಲಿ ಅದರ ಹೊಣೆ ಹೊತ್ತ ಕಾರ್ಯಪಡೆಯ ಅವಧಿ ಮುಗಿದಾಗ ಅದರಲ್ಲಿ ಒಂದೇ ಒಂದು ಹೆಸರೂ ಪ್ರಕಟವಾಗಿರಲಿಲ್ಲ.